ಮೆಕ್ಕೆಜೋಳದ ಬಯೋಪ್ಲಾಸ್ಟಿಕ್ ಲೋಟ ಬಿಸಿ ಕಾಫಿಗೆ ಆಗುತ್ತಾ? ಅಪಾರ್ಟ್‌ಮೆಂಟಿಗೆ 300 ಲೋಟ ಕೊಳ್ಳುವ ಮುಂಚೆ ಸಲಹೆ ಬೇಕು

ಹಸಿರುಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್. ಗಣೇಶನ ಹಬ್ಬ, ರಾಜ್ಯೋತ್ಸವ, ಹೊಸ ವರ್ಷ ಅಂತ ವರ್ಷಕ್ಕೆ ಐದು ದೊಡ್ಡ ಕಾರ್ಯಕ್ರಮ ಇರುತ್ತವೆ. ಕಾಫಿ, ಪಾನಕ, ಮಜ್ಜಿಗೆ ಎಲ್ಲದಕ್ಕೂ ಪೇಪರ್ ಕಪ್. ಕಾರ್ಯಕ್ರಮ ಮುಗಿದ ಮೇಲೆ ಒದ್ದೆ ಕಪ್‌ಗಳ ಚೀಲಗಳನ್ನು ನೋಡಿದರೆ ಬೇಜಾರಾಗುತ್ತದೆ. ಹಸಿ ಕಸಕ್ಕೂ ಸೇರಲ್ಲ, ಒಣ ಕಸದವರಿಗೂ ಬೇಡ.

ಈಗ ಒಬ್ಬ ಮಾರಾಟಗಾರರು ಕಮಿಟಿಗೆ ಬಯೋಪ್ಲಾಸ್ಟಿಕ್ ಲೋಟ ತೋರಿಸಿದ್ದಾರೆ. ಮೆಕ್ಕೆಜೋಳದಿಂದ ಮಾಡಿದ್ದಂತೆ, ನೂರಾರು ಸಲ ತೊಳೆದು ಬಳಸಬಹುದಂತೆ, ಹಳೆಯದಾದ ಮೇಲೆ ಮಣ್ಣಿಗೆ ಹಾಕಿದರೆ ಕರಗಿ ಗೊಬ್ಬರ ಆಗುತ್ತದಂತೆ. ನೋಡೋಕೆ ಚೆನ್ನಾಗಿವೆ. ಬೆಲೆ ಹೆಚ್ಚುಕಡಿಮೆ ಸ್ಟೀಲ್ ಲೋಟದಷ್ಟೇ.

ನನಗೆ ನಿಜವಾಗಲೂ ಇದು ಬೇಕು, ಆದರೆ ಸುಮ್ನೆ ಹೆಸರು ನೋಡಿ ಎಲ್ಲರ ದುಡ್ಡು ಹಾಕೋಕೆ ಇಷ್ಟ ಇಲ್ಲ. ಬಿಸಿ ಕಾಫಿ ತಡೆಯುತ್ತಾ? ನಿಜವಾಗಲೂ ಕರಗುತ್ತಾ? ಬಳಸಿದವರು ಯಾರಾದರೂ ಇದ್ದೀರಾ?

ದರ್ಶಿನಿ_ಕಾಫಿ
ಸ್ಟೀಲ್ ಲೋಟ ತಗೊಳ್ಳಿ. ಇದಕ್ಕೆ ಇಷ್ಟು ಯೋಚನೆ ಯಾಕೆ?

ಹಸಿರುಮನೆ
ಅದನ್ನೂ ಹೇಳಿದ್ದೆ ಸರ್. ಮಕ್ಕಳ ಕೈ ಸುಡುತ್ತದೆ, ಕೆಳಗೆ ಬಿದ್ದರೆ ಸದ್ದು, ಈಜುಕೊಳದ ಹತ್ತಿರ ಬೇಡ ಅಂತ ಕಮಿಟಿಯಲ್ಲಿ ಆಕ್ಷೇಪ ಬಂತು. ಹಗುರ ಇರುವುದು ಬೇಕಂತೆ.

ಪೀಣ್ಯ_ಮೌಲ್ಡಿಂಗ್
ಹದಿನೈದು ವರ್ಷದಿಂದ ಪ್ಲಾಸ್ಟಿಕ್ ಮೌಲ್ಡಿಂಗ್ ಕೆಲಸ ನನ್ನದು. ಮೇಡಂ, ಮೊದಲು ಒಂದೇ ಪ್ರಶ್ನೆ ಕೇಳಿ: ಯಾವ ರೆಸಿನ್, ಅಂದರೆ ಲೋಟ ಮಾಡಿರುವ ಮೂಲ ಪ್ಲಾಸ್ಟಿಕ್ ಯಾವುದು? ಅದು ಗೊತ್ತಾಗದೆ ಮುಂದಿನ ಮಾತೇ ಬೇಡ.

ಮೆಕ್ಕೆಜೋಳದ್ದು ಅಂದರೆ ಸಾಮಾನ್ಯವಾಗಿ ಪಿಎಲ್‌ಎ. ಜೋಳದ ಪಿಷ್ಟವನ್ನು ಸಕ್ಕರೆ ಮಾಡಿ, ಅದನ್ನು ಹುಳಿ ಬರಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತಾರೆ. ಮೊಸರು ಹುಳಿಯಾಗುವಾಗ ಬರುವುದೂ ಅದೇ ಆಮ್ಲ. ಅದರಿಂದ ಪ್ಲಾಸ್ಟಿಕ್. ಅಮೆರಿಕದ ನೆಬ್ರಾಸ್ಕದಲ್ಲಿ ನೇಚರ್‌ವರ್ಕ್ಸ್ ಕಂಪನಿಯ ದೊಡ್ಡ ಕಾರ್ಖಾನೆ ಇದೆ, ಥಾಯ್ಲೆಂಡಿನಲ್ಲಿ ಕಬ್ಬಿನಿಂದ ಮಾಡುತ್ತಾರೆ. ಒಳ್ಳೆಯ ವಸ್ತು, ಪಾರದರ್ಶಕ, ಗಟ್ಟಿ. ಆದರೆ 55ರಿಂದ 60 ಡಿಗ್ರಿಗೇ ಮೆತ್ತಗಾಗುತ್ತದೆ. ಕುದಿಯುವ ಹಾಲು ಬೆರೆಸಿದ ಫಿಲ್ಟರ್ ಕಾಫಿ 70ರ ಮೇಲೆ ಇರುತ್ತದೆ. ಸಾದಾ ಪಿಎಲ್‌ಎ ಲೋಟಕ್ಕೆ ಅದನ್ನು ಸುರಿದರೆ ಆಕಾರ ಹೋಗುತ್ತದೆ.

ಬಿಸಿಗೆ ಅಂತಲೇ ಹರಳುಗಟ್ಟಿಸಿದ ಪಿಎಲ್‌ಎ ಇದೆ, ಸುಮಾರು 85 ಡಿಗ್ರಿ ತಡೆಯುತ್ತದೆ. ಅದು ಪಾರದರ್ಶಕ ಇರಲ್ಲ, ಹಾಲಿನ ಬಣ್ಣ. ಚಮಚ, ಕಾಫಿ ಕಪ್ಪಿನ ಮುಚ್ಚಳ ಇದರಲ್ಲೇ ಮಾಡುತ್ತಾರೆ.

ಇನ್ನೊಂದು ಜಾತಿ, ಬ್ರೆಜಿಲ್‌ನ ಬ್ರಾಸ್ಕೆಮ್ 2010ರಿಂದ ಕಬ್ಬಿನ ಎಥನಾಲ್‌ನಲ್ಲಿ ಮಾಡುವ ಪಾಲಿಎಥಿಲೀನ್, ಅಂದರೆ ಕೈಚೀಲ ಮಾಡುವ ಪ್ಲಾಸ್ಟಿಕ್. ಅದು ಗಿಡದಿಂದ ಬಂದಿದ್ದು ನಿಜ. ಆದರೆ ತಯಾರಾದ ಮೇಲೆ ಪೆಟ್ರೋಲಿಯಂ ಪಾಲಿಎಥಿಲೀನ್‌ಗೂ ಅದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಮಣ್ಣಲ್ಲಿ ಕರಗುವ ಮಾತೇ ಇಲ್ಲ.

ನೂರಾರು ಸಲ ಬಿಸಿನೀರಲ್ಲಿ ತೊಳೆಯಬಹುದು, ಮಣ್ಣಿಗೆ ಹಾಕಿದರೆ ಕರಗುತ್ತದೆ, ಈ ಎರಡೂ ಒಂದೇ ಲೋಟದಲ್ಲಿ ಅಂದರೆ ನನಗೆ ಅನುಮಾನ.

ಅಜ್ಜಂಪುರದ_ಸೊಸೆ
ಪೀಣ್ಯ ಸರ್ ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮ ಮನೆಗೆ ಇಂಥದ್ದೇ ಲೋಟ ಆನ್‌ಲೈನ್‌ನಲ್ಲಿ ತರಿಸಿದ್ದೆವು. ಜ್ಯೂಸಿಗೆ ಚೆನ್ನಾಗಿತ್ತು. ಒಂದು ದಿನ ಅತ್ತೆ ಹಾಲಿನ ಜಿಡ್ಡು ಹೋಗಲಿ ಅಂತ ಕುದಿನೀರು ಹಾಕಿಟ್ಟರು. ಲೋಟದ ಬಾಯಿ ಸೊಟ್ಟಗಾಯಿತು. ಕಂಪನಿಗೆ ಫೋಟೋ ಕಳಿಸಿದರೆ "ಬಿಸಿಗೆ ಬಳಸಬಾರದು ಅಂತ ಬರೆದಿದೆ" ಅಂದರು. ಬರೆದಿತ್ತು, ಡಬ್ಬದ ತಳದಲ್ಲಿ, ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ.

ಧಾರವಾಡದವರು
ಬಿಸಿದು ಬಿಡ್ರಿ, ಮಣ್ಣಾಗ ಹಾಕಿದರೆ ಕರಗೋದು ಖರೆ ಏನ್ರೀ? ನಮ್ಮ ಹಿತ್ತಲದಾಗ ಗೊಬ್ಬರದ ಗುಂಡಿ ಅದೆ. ಅದಕ್ಕೆ ಹಾಕಿದರೆ ನಡೀತದೇನು?

ವಾರ್ಡ್_ಕಸ_ಬಳಗ
ನಡೆಯಲ್ಲ ಸರ್. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಇಲ್ಲಿಯೇ ಎಲ್ಲರೂ ಮೋಸ ಹೋಗುವುದು.

ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಅಂತ ಮಾರಬೇಕಾದರೆ ನಮ್ಮಲ್ಲಿ ಐಎಸ್/ಐಎಸ್‌ಒ 17088 ಮಾನದಂಡ ಇದೆ. ಪರೀಕ್ಷೆ ನಡೆಯುವುದು ಕೈಗಾರಿಕಾ ಕಾಂಪೋಸ್ಟ್ ಸ್ಥಿತಿಯಲ್ಲಿ: ಸುಮಾರು 58 ಡಿಗ್ರಿ ಶಾಖ, ಸರಿಯಾದ ತೇವ, ಗಾಳಿ. ಅಲ್ಲಿ 180 ದಿನದೊಳಗೆ 90% ಜೀರ್ಣ ಆಗಬೇಕು. ನಿಮ್ಮ ಹಿತ್ತಲ ಗುಂಡಿ, ನಮ್ಮ ಅಪಾರ್ಟ್‌ಮೆಂಟಿನ ಕಾಂಪೋಸ್ಟ್ ಡಬ್ಬ, ಇವು ಅಷ್ಟು ಬಿಸಿಯಲ್ಲಿ ತಿಂಗಳುಗಟ್ಟಲೆ ನಿಲ್ಲಲ್ಲ. ಮೊದಲ ವಾರ ಬಿಸಿ ಏರುತ್ತದೆ, ಆಮೇಲೆ ಇಳಿಯುತ್ತದೆ. ಪಿಎಲ್‌ಎ ತಣ್ಣನೆಯ ಮಣ್ಣಲ್ಲಿ ವರ್ಷಗಟ್ಟಲೆ ಹಾಗೇ ಕೂರುತ್ತದೆ. ಕೆರೆಗೆ, ಸಮುದ್ರಕ್ಕೆ ಹೋದರೂ ಅಷ್ಟೇ.

ಇನ್ನೊಂದು ವಿಷಯ. ಪ್ರಮಾಣಪತ್ರ ಕೊಡುವುದು ಪರೀಕ್ಷೆ ಮಾಡಿದ ದಪ್ಪಕ್ಕೆ ಮಾತ್ರ. ತೆಳು ಕೈಚೀಲಕ್ಕೆ ಸಿಕ್ಕ ಪ್ರಮಾಣಪತ್ರ ದಪ್ಪ ಲೋಟಕ್ಕೆ ನಡೆಯಲ್ಲ. ಬಾಳಿಕೆ ಬರಲಿ ಅಂತ ದಪ್ಪ ಮಾಡಿದಷ್ಟೂ ಕರಗೋದು ನಿಧಾನ.

ಹಾಗಂತ ಒಣ ಕಸಕ್ಕೆ ಕೊಟ್ಟರೂ ಕಷ್ಟ. ಪಿಎಲ್‌ಎ ಲೋಟವೂ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕೂ ಕಣ್ಣಿಗೆ ಒಂದೇ ಥರ. ನೀರಿಗೆ ಹಾಕಿದರೆ ಎರಡೂ ಮುಳುಗುತ್ತವೆ, ಹಾಗಾಗಿ ಆ ದಾರಿಯಲ್ಲೂ ಬೇರೆ ಮಾಡೋಕೆ ಆಗಲ್ಲ. ಸ್ವಲ್ಪ ಪಿಎಲ್‌ಎ ಸೇರಿದರೂ ಪೆಟ್ ಮರುಬಳಕೆಯ ಮಾಲು ಕೆಡುತ್ತದೆ. ನಮ್ಮ ಒಣ ಕಸ ಕೇಂದ್ರದ ಅಕ್ಕಂದಿರು ದಿನವೆಲ್ಲ ಕೈಯಲ್ಲೇ ವಿಂಗಡಿಸುತ್ತಾರೆ. ಅವರ ಮೇಲೆ ಇನ್ನೊಂದು ಗೊಂದಲ ಹೊರಿಸುವುದು ನನಗೆ ಸರಿ ಅನ್ನಿಸಲ್ಲ.

ಮಲ್ಪೆ_ಬಂದರು
ಎಲ್ಲರೂ ಸೇರಿ ಬರೀ ಹುಳುಕು ಹೇಳುತ್ತಿದ್ದೀರಿ ಮಾರಾಯ್ರೇ. ಹಾಗಾದರೆ ಪೆಟ್ರೋಲಿಯಂ ಪ್ಲಾಸ್ಟಿಕ್ಕೇ ಒಳ್ಳೆಯದಾ? ನಮ್ಮ ಕಡೆ ಬಲೆ ಎಳೆದರೆ ಮೀನಿನ ಜೊತೆ ಪ್ಲಾಸ್ಟಿಕ್ಕೂ ಬರುತ್ತದೆ. ಹೊಸದೇನಾದರೂ ಬಂದಾಗ ಹೀಗೆ ಬೈದರೆ ಅದು ಬೆಳೆಯೋದು ಹೇಗೆ?

ಪಿಎಚ್‌ಎ ಬಗ್ಗೆ ಯಾರೂ ಹೇಳಲೇ ಇಲ್ಲ. ಬ್ಯಾಕ್ಟೀರಿಯಾಗಳು ತಮ್ಮ ಮೈಯೊಳಗೆ ಕೊಬ್ಬಿನ ಥರ ಕೂಡಿಟ್ಟುಕೊಳ್ಳುವ ಪ್ಲಾಸ್ಟಿಕ್ ಅದು. ಫ್ರಾನ್ಸಿನ ಪಾಸ್ಚರ್ ಸಂಸ್ಥೆಯ ಮಾರಿಸ್ ಲೆಮ್ವಾನ್ 1926ರಲ್ಲೇ ಇದನ್ನು ಗುರುತಿಸಿದ್ದರು. ಮಣ್ಣಲ್ಲೂ ಜೀರ್ಣ ಆಗುತ್ತದೆ, ಸಮುದ್ರದ ನೀರಲ್ಲೂ ಆಗುತ್ತದೆ. ನೂರು ವರ್ಷದ ಹಳೆಯ ಜ್ಞಾನ, ನಾವು ಇನ್ನೂ ಪೇಪರ್ ಕಪ್ಪಲ್ಲೇ ಇದ್ದೇವೆ.

ಪೀಣ್ಯ_ಮೌಲ್ಡಿಂಗ್
ಪಿಎಚ್‌ಎ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಸದ್ಯದ ಕಷ್ಟ ಬೆಲೆ. ಡಬ್ಬ, ಲೋಟಕ್ಕೆ ಬಳಸುವ ಸಾಮಾನ್ಯ ಪ್ಲಾಸ್ಟಿಕ್ ಪಾಲಿಪ್ರೊಪಿಲೀನ್‌ಗಿಂತ ಎಷ್ಟೋ ಪಟ್ಟು ದುಬಾರಿ, ಮೌಲ್ಡಿಂಗ್‌ಗೂ ನಾಜೂಕು. ಸ್ವಲ್ಪ ಬಿಸಿ ಜಾಸ್ತಿಯಾದರೆ ಕೆಟ್ಟು ಹೋಗುತ್ತದೆ. ಲೋಟದಷ್ಟು ದಪ್ಪ ಇದ್ದರೆ ಸಮುದ್ರದಲ್ಲೂ ಬೇಗ ಹೋಗಲ್ಲ. ಆದರೂ ಬೈಯೋ ವಸ್ತು ಅಲ್ಲ ಅದು. ಮೇಡಂ ಅವರಿಗೆ ಬಂದ ಕೊಟೇಶನ್ ಮಾತ್ರ ಪಿಎಚ್‌ಎಯದ್ದು ಆಗಿರೋಕೆ ಸಾಧ್ಯವೇ ಇಲ್ಲ, ಸ್ಟೀಲ್ ಲೋಟದ ಬೆಲೆಗೆ ಅದು ಬರಲ್ಲ.

ತುಂಗಾ_ತೀರ
ಅಮೆರಿಕದ ಜೋಳ ಯಾಕೆ, ನಮ್ಮ ದಾವಣಗೆರೆ, ಹಾವೇರಿಯ ಮೆಕ್ಕೆಜೋಳ ಏನಾಯಿತು? ಮಂಡ್ಯ, ಬೆಳಗಾವಿಯ ಕಬ್ಬು? ಇಲ್ಲೇ ಮಾಡಿದರೆ ರೈತರಿಗೂ ಒಂದು ಕಾಸು ಸಿಗುತ್ತದೆ ಅಲ್ವಾ?

ಮಲ್ಪೆ_ಬಂದರು
ಉತ್ತರ ಪ್ರದೇಶದಲ್ಲಿ ಬಲರಾಂಪುರ ಸಕ್ಕರೆ ಕಂಪನಿ ಕಬ್ಬಿನಿಂದ ಪಿಎಲ್‌ಎ ಮಾಡುವ ಕಾರ್ಖಾನೆ ಕಟ್ಟುವುದಾಗಿ 2024ರಲ್ಲಿ ಹೇಳಿತ್ತು. ನಮ್ಮ ಸಕ್ಕರೆ ಕಾರ್ಖಾನೆಗಳೂ ಆ ಕಡೆ ನೋಡಬೇಕು.

ಧಾರವಾಡದವರು
ಕಬ್ಬಿಗೆ ನೀರು ಎಷ್ಟು ಬೇಕು ಗೊತ್ತದೇನ್ರೀ? ಕುಡಿಯೋ ನೀರಿಗೇ ನಮ್ಮ ಕಡೆ ಒದ್ದಾಟ. ಲೋಟಕ್ಕಾಗಿ ಇನ್ನಷ್ಟು ಕಬ್ಬು ಬೆಳೆಸೋದಕ್ಕಿಂತ, ಈಗಿನ ಕಾರ್ಖಾನಿಯೊಳಗ ಉಳಿಯೋ ಕಾಕಂಬಿ, ಕಬ್ಬಿನ ಸಿಪ್ಪಿಯಿಂದ ಮಾಡಿದರೆ ನಾನೂ ಒಪ್ಪತೀನಿ.

ತುಂಗಾ_ತೀರ
ಸಕ್ಕರೆ ಬೇಡ, ನಮ್ಮ ಅಡಿಕೆ ಹಾಳೆ ಇದೆಯಲ್ಲ! ಶಿವಮೊಗ್ಗ, ದಕ್ಷಿಣ ಕನ್ನಡದಲ್ಲಿ ಎಷ್ಟು ಮನೆಗಳು ಹಾಳೆ ತಟ್ಟೆ ಮಾಡಿ ಬದುಕುತ್ತಿವೆ. ಯಾರೂ ಅದನ್ನು ಕೇಳಲ್ಲ.

ವಾರ್ಡ್_ಕಸ_ಬಳಗ
ಹಾಳೆ ತಟ್ಟೆ ನನಗೂ ಇಷ್ಟ, ಊಟಕ್ಕೆ ನಾವು ಅದನ್ನೇ ತರಿಸುತ್ತೇವೆ. ಆದರೆ ಅದು ಒಂದೇ ಸಲದ್ದು, ಮೇಡಂ ಕೇಳುತ್ತಿರುವುದು ಮತ್ತೆ ಮತ್ತೆ ಬಳಸುವ ಲೋಟ. ಅಲ್ಲದೆ 2025ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ-ಬಟ್ಟಲುಗಳಿಗೆ ಅಲ್ಲಿ ಅನುಮತಿ ಇಲ್ಲ ಅಂತ ಎಚ್ಚರಿಕೆ ಕೊಟ್ಟಿತು. ಅಡಿಕೆಯಲ್ಲಿರುವ ಅಂಶಗಳು ಊಟಕ್ಕೆ ಇಳಿಯಬಹುದು ಅನ್ನುವ ಕಾರಣಕ್ಕೆ.

ತುಂಗಾ_ತೀರ
ನಮ್ಮ ಅಜ್ಜಿ ಕಾಲದಿಂದ ಹಾಳೆಯಲ್ಲಿ ಊಟ ಮಾಡುತ್ತಿದ್ದೇವೆ. ಅದರ ಬಗ್ಗೆ ಬೇರೆ ಚರ್ಚೆ ಶುರು ಮಾಡುತ್ತೇನೆ, ಇಲ್ಲಿ ಬೇಡ.

ಬರ್ಲಿನ್_ಕನ್ನಡತಿ
ಇಲ್ಲಿ ಜರ್ಮನಿಯಲ್ಲಿ ಈ ವಿಷಯ ದಿನಾ ಕಣ್ಣೆದುರು ನಡೆಯುತ್ತದೆ, ಹಾಗಾಗಿ ಬರೆಯುತ್ತೇನೆ.

2016ರಲ್ಲಿ ಫ್ರೈಬುರ್ಗ್ ಊರಿನವರು ಇಡೀ ಊರಿಗೇ ಒಂದು ಲೋಟ ತಂದರು. ಒಂದು ಯೂರೋ ಠೇವಣಿ ಕೊಟ್ಟು ಕಾಫಿ ತಗೊಳ್ಳಿ, ಕುಡಿದು ಯಾವ ಅಂಗಡಿಯಲ್ಲಾದರೂ ವಾಪಸ್ ಕೊಡಿ, ದುಡ್ಡು ಹಿಂದಕ್ಕೆ. ಅಂಗಡಿಯವರೇ ತೊಳೆಯುತ್ತಾರೆ. ಲೋಟ ಯಾವುದರದ್ದು ಅಂತೀರಾ? ಬಯೋ ಏನೂ ಅಲ್ಲ, ಸಾದಾ ಪಾಲಿಪ್ರೊಪಿಲೀನ್. 400 ಸಲದವರೆಗೆ ಬಳಸಬಹುದು ಅನ್ನುವ ಲೆಕ್ಕ. ಆಮೇಲೆ ದೇಶದ ತುಂಬ ಇಂಥ ವ್ಯವಸ್ಥೆಗಳು ಬಂದವು. 2023ರ ಜನವರಿಯಿಂದ ಪಾರ್ಸೆಲ್ ಕೊಡುವ ಹೋಟೆಲ್‌ಗಳು ಮರುಬಳಕೆಯ ಪಾತ್ರೆಯ ಆಯ್ಕೆ ಇಡಲೇಬೇಕು ಅಂತ ಕಾನೂನೂ ಆಯಿತು. ತೀರಾ ಚಿಕ್ಕ ಅಂಗಡಿಗಳಿಗೆ ವಿನಾಯಿತಿ ಇದೆ.

ಬಯೋ ಕಡೆಗೆ ಬಂದರೆ, ಬರ್ಲಿನ್‌ನ ಕಾಫಿಫಾರ್ಮ್ ಅನ್ನುವವರು 2015ರಿಂದ ಕೆಫೆಗಳಲ್ಲಿ ಉಳಿದ ಕಾಫಿ ಚರಟವನ್ನು ಒಟ್ಟುಮಾಡಿ, ಗಿಡದ ನಾರು, ಬಯೋಪಾಲಿಮರ್ ಸೇರಿಸಿ ಕಪ್ ಮಾಡುತ್ತಾರೆ. ಗಟ್ಟಿಯಾಗಿದೆ, ಬಿಸಿಗೂ ಆಗುತ್ತದೆ, ಮುಟ್ಟಿದರೆ ಮರದ ಹಾಗೆ. ನನಗೆ ಇಷ್ಟ. ಬೆಲೆ ಮಾತ್ರ ಅಪಾರ್ಟ್‌ಮೆಂಟಿಗೆ ಕೊಳ್ಳುವಂಥದ್ದಲ್ಲ.

ಆದರೆ "ಬಿದಿರಿನ ಕಪ್" ಅಂತ ಯಾರಾದರೂ ತೋರಿಸಿದರೆ ದಯವಿಟ್ಟು ಹುಷಾರು. ಅದರಲ್ಲಿ ಎಷ್ಟೋ ಕಪ್‌ಗಳು ಬಿದಿರಿನ ಪುಡಿಯನ್ನು ಮೆಲಮಿನ್-ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಒತ್ತಿ ಮಾಡಿದ್ದು. 70 ಡಿಗ್ರಿ ಮೇಲಿನ ಕಾಫಿ, ಚಹಾ ಹಾಕಿದರೆ ಆ ರಾಸಾಯನಿಕಗಳು ಕುಡಿಯೋದಕ್ಕೆ ಇಳಿಯುತ್ತವೆ ಅಂತ ಆಹಾರ, ಬಳಕೆಯ ವಸ್ತುಗಳ ಅಪಾಯ ಅಳೆಯುವ ಇಲ್ಲಿನ ಸರ್ಕಾರಿ ಸಂಸ್ಥೆ ಬಿಎಫ್‌ಆರ್ 2020ರಲ್ಲಿ ಎಚ್ಚರಿಸಿತು. ಯುರೋಪಿನಲ್ಲಿ ಅವನ್ನು ಮಾರುವುದಕ್ಕೆ ಅನುಮತಿ ಇಲ್ಲ. ಭಾರತಕ್ಕೆ ಬಂದಾಗ ಅಂಗಡಿಗಳಲ್ಲಿ ನೋಡಿದೆ, ಮಕ್ಕಳ ತಟ್ಟೆ-ಲೋಟದ ಸೆಟ್ ಥರ ಇಟ್ಟಿದ್ದರು. ಕೋಪ ಬಂತು.

ಅಜ್ಜಂಪುರದ_ಸೊಸೆ
ಅಯ್ಯೋ, ಮಗಳಿಗೆ ಅಂಥ ಸೆಟ್ ಉಡುಗೊರೆ ಬಂದಿದೆ! ಗುರುತಿಸೋದು ಹೇಗೆ ಅಕ್ಕಾ?

ಬರ್ಲಿನ್_ಕನ್ನಡತಿ
ಪೂರ್ತಿ ನುಣುಪಾಗಿ, ಬಣ್ಣಬಣ್ಣದ್ದಾಗಿ, ಗಟ್ಟಿ ಪ್ಲಾಸ್ಟಿಕ್ ತಟ್ಟೆಯಂತೆ ಇದ್ದು "ಬಿದಿರಿನ ನಾರು" ಅಂತ ಬರೆದಿದ್ದರೆ ಅದೇ ಇರಬಹುದು. ಬಿಸಿದು, ಹುಳಿದು ಹಾಕಬೇಡಿ. ಹಣ್ಣು, ಬಿಸ್ಕತ್ ಇಡೋಕೆ ಇರಲಿ.

ಮೂಡಿಗೆರೆ_ತೋಟ
ಕಾಫಿ ಅಂದಕೂಡಲೇ ಬಂದೆ. ದೇಶದ ಕಾಫಿಯಲ್ಲಿ ಸುಮಾರು 70% ನಮ್ಮ ಕರ್ನಾಟಕದ್ದು. ಕಾಫಿ ಬೀಜದ ಸಿಪ್ಪೆ ತೆಗೆಯುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹೊಟ್ಟು ರಾಶಿ ರಾಶಿ ಬೀಳುತ್ತದೆ, ಹೆಚ್ಚಿನದು ಒಲೆಗೆ, ಗೊಬ್ಬರಕ್ಕೆ ಹೋಗುತ್ತದೆ. ಆಸ್ಟ್ರೇಲಿಯಾದ ಹಸ್ಕೀ ಕಂಪನಿ ಇದೇ ಹೊಟ್ಟಿನಿಂದ ಕಪ್ ಮಾಡಿ ಮಾರುತ್ತದೆ. ಚಿಕ್ಕಮಗಳೂರು, ಕೊಡಗಿನಲ್ಲಿ ಯಾಕೆ ಆಗಬಾರದು? ಪ್ರವಾಸಿಗರು ಕೊಂಡೇ ಕೊಳ್ಳುತ್ತಾರೆ.

ಪೀಣ್ಯ_ಮೌಲ್ಡಿಂಗ್
ಖಂಡಿತ ಆಗುತ್ತದೆ. ಮೌಲ್ಡಿಂಗ್ ಮೆಷಿನ್‌ಗೆ ಒಣಗಿಸಿದ ಹೊಟ್ಟಿನ ಪುಡಿ ಸೇರಿಸಿ ಹಾಕಬಹುದು. ಆದರೆ ಹಸ್ಕೀ ಕಪ್‌ನಲ್ಲಿ ಹೊಟ್ಟಿನ ಜೊತೆ ಪಾಲಿಪ್ರೊಪಿಲೀನ್ ಇದೆ. ಹಾಗೆ ಬೆರೆಸಿದ್ದು ಕಾಂಪೋಸ್ಟ್ ಆಗಲ್ಲ, ಸಾಮಾನ್ಯ ಮರುಬಳಕೆಗೂ ಹೋಗಲ್ಲ. ಕಂಪನಿಯೇ ವಾಪಸ್ ತಗೊಳ್ಳಬೇಕು. ಅದನ್ನು ಬಾಯಿಬಿಟ್ಟು ಹೇಳಿ ಮಾರಿದರೆ ನನಗೆ ಯಾವ ತಕರಾರೂ ಇಲ್ಲ, ಬಾಳಿಕೆ ಬರುವ ಒಳ್ಳೆಯ ಕಪ್ ಅದು.

ದರ್ಶಿನಿ_ಕಾಫಿ
ಇಷ್ಟೆಲ್ಲ ಓದಿದ ಮೇಲೂ ನನ್ನ ಉತ್ತರ ಸ್ಟೀಲ್ ಲೋಟವೇ. ಬಿದ್ದರೆ ಒಡೆಯಲ್ಲ, ಕುದಿನೀರಿಗೆ ಹೆದರಲ್ಲ, ಹಳೆಯದಾದರೆ ಗುಜರಿಯವನು ದುಡ್ಡು ಕೊಟ್ಟು ತಗೊಳ್ಳುತ್ತಾನೆ. ಯಾವ ಬಯೋಪ್ಲಾಸ್ಟಿಕ್‌ಗೆ ಗುಜರಿಯಲ್ಲಿ ಬೆಲೆ ಇದೆ ಹೇಳಿ?

ವೈಟ್‌ಫೀಲ್ಡ್_ನಿವಾಸಿ
ತೊಳೆಯೋಕೆ ನೀರು ಯಾರು ಕೊಡುತ್ತಾರೆ? 2024ರ ಬೇಸಿಗೆ ಮರೆತುಹೋಯಿತಾ? ನಮ್ಮಲ್ಲಿ ಟ್ಯಾಂಕರ್‌ಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಪೇಪರ್ ಕಪ್‌ಗೆ ತೊಳೆಯೋ ತಾಪತ್ರಯ ಇಲ್ಲ. ಪೇಪರ್ ಅಂದಮೇಲೆ ಪರಿಸರಕ್ಕೂ ಪರವಾಗಿಲ್ಲ.

ವಾರ್ಡ್_ಕಸ_ಬಳಗ
ಪೇಪರ್ ಕಪ್ ಒಳಗೆ ಪಾಲಿಎಥಿಲೀನ್ ಪದರ ಇರುತ್ತದೆ ಸರ್. ಇಲ್ಲದಿದ್ದರೆ ಕಾಫಿ ಸೋರಿಹೋಗುತ್ತಿತ್ತು. ಖರಗ್‌ಪುರ ಐಐಟಿಯವರು 2020ರಲ್ಲಿ ಪರೀಕ್ಷೆ ಮಾಡಿ ಹೇಳಿದ್ದಾರೆ: 100 ಮಿಲಿ ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಅದರೊಳಗೆ ಬರುತ್ತವೆ. 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಕಪ್, ಲೋಟ ದೇಶಾದ್ಯಂತ ನಿಷೇಧ ಆಯಿತು, ನಮ್ಮ ರಾಜ್ಯದಲ್ಲಿ 2016ರಲ್ಲೇ ಆಗಿತ್ತು. ಆ ಜಾಗಕ್ಕೆ ಪೇಪರ್ ಕಪ್ ಬಂದು ಕೂತಿತು, ಅಷ್ಟೇ.

ಲೆಕ್ಕದ_ಮೇಷ್ಟ್ರು
ನೀರಿನ ಪ್ರಶ್ನೆ ನ್ಯಾಯವಾದದ್ದು, ಅದನ್ನು ತಳ್ಳಿಹಾಕಬೇಡಿ. ಲೋಟ ಮಾಡೋಕೆ, ತೊಳೆಯೋಕೆ ಆಗುವ ಖರ್ಚೂ ಲೆಕ್ಕಕ್ಕೆ ಬರಬೇಕು. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಹಾಕಿಂಗ್ 1994ರಲ್ಲಿ ಶಕ್ತಿಯ ಬಳಕೆ ಮಾತ್ರ ಹಿಡಿದು ಒಂದು ಲೆಕ್ಕ ಹಾಕಿದ್ದರು. ಮರುಬಳಕೆಯ ಪ್ಲಾಸ್ಟಿಕ್ ಕಪ್ 17 ಸಲ ಬಳಸಿದರೆ ಪೇಪರ್ ಕಪ್‌ಗೆ ಸರಿಸಮ, ಗಾಜಿನದು 15 ಸಲ, ಪಿಂಗಾಣಿ 39 ಸಲ. ತೆಳು ಥರ್ಮೋಕೋಲ್ ಕಪ್‌ಗೆ ಹೋಲಿಸಿದರೆ ಪ್ಲಾಸ್ಟಿಕ್ ಕಪ್ 450 ಸಲ ಬಳಸಬೇಕಿತ್ತು.

ಈಗ ಮೇಡಂ ಅವರ ವಿಷಯಕ್ಕೆ ಬನ್ನಿ. 300 ಲೋಟ, ವರ್ಷಕ್ಕೆ ಐದು ಕಾರ್ಯಕ್ರಮ. ಒಂದು ಲೋಟ ಒಂದು ಕಾರ್ಯಕ್ರಮದಲ್ಲಿ ಒಂದೇ ಸಲ ಬಳಕೆಯಾದರೆ 17 ಆಗೋಕೆ ಮೂರು ವರ್ಷ ದಾಟುತ್ತದೆ. ಅಷ್ಟರಲ್ಲಿ ಎಷ್ಟು ಕಳೆದಿರುತ್ತವೆ, ಎಷ್ಟು ಒಡೆದಿರುತ್ತವೆ? ಅವತ್ತೇ ತೊಳೆದು ಎರಡು ಮೂರು ಸಲ ತಿರುಗಿಸಿದರೆ ಬೇರೆ ಮಾತು.

ಪೀಣ್ಯ_ಮೌಲ್ಡಿಂಗ್
ಆ ಅಧ್ಯಯನ ಹಳೆಯದು, ಅಲ್ಲಿನ ತೊಳೆಯುವ ಮೆಷಿನ್ನಿನ ಲೆಕ್ಕ. ನಮ್ಮಲ್ಲಿ ಕೈಯಲ್ಲಿ, ತಣ್ಣೀರಲ್ಲಿ ತೊಳೆಯುತ್ತೇವೆ, ಶಕ್ತಿ ಕಡಿಮೆ ಬೀಳುತ್ತದೆ. ಆದರೆ ಮೇಷ್ಟ್ರ ಮುಖ್ಯ ಮಾತು ಸರಿ. ಬೀರುವಿನಲ್ಲಿ ಕೂತ ಲೋಟದಿಂದ ಯಾರಿಗೂ ಲಾಭ ಇಲ್ಲ.

ಅಜ್ಜಂಪುರದ_ಸೊಸೆ
ಹಾಗಾದರೆ ಕೊಳ್ಳೋದೇ ಯಾಕೆ? ನಮ್ಮೂರಲ್ಲಿ ಮದುವೆ, ತಿಥಿಗೆ ಶಾಮಿಯಾನದವರ ಹತ್ತಿರ ಸ್ಟೀಲ್ ಲೋಟ, ತಟ್ಟೆ ಬಾಡಿಗೆಗೆ ತರುತ್ತೇವೆ. ಇವತ್ತು ನಮ್ಮ ಮನೆ, ನಾಳೆ ಪಕ್ಕದ ಬೀದಿ. ವರ್ಷಪೂರ್ತಿ ಅದೇ ಲೋಟ ತಿರುಗುತ್ತಿರುತ್ತದೆ. ಮೇಷ್ಟ್ರ 17 ಒಂದು ಮದುವೆ ಸೀಸನ್ನಿನಲ್ಲೇ ದಾಟುತ್ತದೆ.

ವಾರ್ಡ್_ಕಸ_ಬಳಗ
ಇದು ಅತ್ಯುತ್ತಮ ಸಲಹೆ. ಬೆಂಗಳೂರಲ್ಲಿ ಅದಮ್ಯ ಚೇತನ ಸಂಸ್ಥೆಯವರ ಪ್ಲೇಟ್ ಬ್ಯಾಂಕ್ ಇದೆ, ಕಾರ್ಯಕ್ರಮಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಡುತ್ತಾರೆ. ಎಷ್ಟೋ ಬಡಾವಣೆಗಳಲ್ಲಿ ಜನರೇ ಸೇರಿ ಇಂಥ ಬ್ಯಾಂಕ್ ನಡೆಸುತ್ತಿದ್ದಾರೆ. ನಿಮ್ಮ ಅಕ್ಕಪಕ್ಕದ ಮೂರ್ನಾಲ್ಕು ಅಪಾರ್ಟ್‌ಮೆಂಟ್ ಸೇರಿ ಒಂದೇ ಸೆಟ್ ಇಟ್ಟುಕೊಂಡರೂ ಆಯಿತು.

ನೀರಿಗೆ: ಮೊದಲು ಎಂಜಲು ಚೆಲ್ಲಿಸಿ, ಒಂದು ಟಬ್‌ನಲ್ಲಿ ಸೋಪು ನೀರು, ಎರಡು ಟಬ್‌ನಲ್ಲಿ ಬರೀ ನೀರು. ನಲ್ಲಿ ಬಿಟ್ಟು ತೊಳೆಯಬಾರದು. ಕೊನೆಯ ಟಬ್ಬಿನ ನೀರೇ ಮುಂದಿನ ಸುತ್ತಿಗೆ ಸೋಪಿನ ನೀರಾಗುತ್ತದೆ.

ಹಸಿರುಮನೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾರಾಟಗಾರರಿಗೆ ಫೋನ್ ಮಾಡಿ ರೆಸಿನ್ ಯಾವುದು ಅಂತ ಕೇಳಿದೆ. ಮೊದಲು "ಪೂರ್ತಿ ನೈಸರ್ಗಿಕ" ಅಂದರು. ಬರವಣಿಗೆಯಲ್ಲಿ ಕೊಡಿ ಅಂದಮೇಲೆ ಮೇಲ್ ಬಂತು: ಪಾಲಿಪ್ರೊಪಿಲೀನ್ ಜೊತೆ ಮೆಕ್ಕೆಜೋಳದ ಪಿಷ್ಟ ಮಿಶ್ರಣ. ಕಾಂಪೋಸ್ಟ್ ಪ್ರಮಾಣಪತ್ರ ಕೇಳಿದೆ, ಕಳಿಸಲಿಲ್ಲ.

ಪೀಣ್ಯ_ಮೌಲ್ಡಿಂಗ್
ಅಂದುಕೊಂಡ ಹಾಗೇ ಆಯಿತು. ಬಿಸಿ ತಡೆಯುತ್ತದೆ, ಪಾಲಿಪ್ರೊಪಿಲೀನ್ ಇದೆಯಲ್ಲ. ಪಿಷ್ಟದ ಭಾಗವನ್ನು ಮಣ್ಣು ತಿಂದರೂ ಪ್ಲಾಸ್ಟಿಕ್ ಭಾಗ ಚೂರುಚೂರಾಗಿ ಅಲ್ಲೇ ಉಳಿಯುತ್ತದೆ. ಗೊಬ್ಬರ ಆಗುತ್ತದೆ ಅಂದಿದ್ದು ಶುದ್ಧ ಸುಳ್ಳು.

ಲೆಕ್ಕದ_ಮೇಷ್ಟ್ರು
ಬಿಡಬೇಡಿ ಮೇಡಂ. ಪರಿಸರದ ಹೆಸರಲ್ಲಿ ಸುಳ್ಳು ಹೇಳಿ ಮಾರುವುದರ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ಹೇಳಿದ್ದಕ್ಕೆ ಪುರಾವೆ ಕೊಡಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಮಾರಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವೂ ಬೇಕೇ ಬೇಕು.

ಮಲ್ಪೆ_ಬಂದರು
ಇಂಥವರಿಂದಲೇ ಒಳ್ಳೆಯ ಬಯೋಪ್ಲಾಸ್ಟಿಕ್ ಮಾಡುವವರಿಗೂ ಕೆಟ್ಟ ಹೆಸರು. ದೂರು ಕೊಡಿ ಅಕ್ಕಾ.

ಹಸಿರುಮನೆ
ಕೊಡುತ್ತೇನೆ. ಕಮಿಟಿಗೆ ಈಗ ಬೇರೆ ಪ್ರಸ್ತಾಪ ಇಡುತ್ತಿದ್ದೇನೆ: ಕಾಫಿಗೆ ಸ್ಟೀಲ್ ಲೋಟ ಬಾಡಿಗೆ. ಈಜುಕೊಳ ಮತ್ತು ಚಿಕ್ಕ ಮಕ್ಕಳಿಗೆ ಮಾತ್ರ ಐವತ್ತು ಹಗುರ ಲೋಟ ಕೊಳ್ಳೋದು. ಅವು ದಿನಾ ಬಳಕೆಯಾಗುತ್ತವೆ. ಅದಕ್ಕೆ ಯಾವುದು ತಗೊಳ್ಳಲಿ? ತಣ್ಣಗಿನ ಜ್ಯೂಸ್, ನೀರು ಅಷ್ಟೇ.

ಪೀಣ್ಯ_ಮೌಲ್ಡಿಂಗ್
ತಣ್ಣಗಿನದಕ್ಕೆ ಪಿಎಲ್‌ಎ ತಡೆಯುತ್ತದೆ, ಆದರೆ ಬಿದ್ದರೆ ಸೀಳುತ್ತದೆ. ಮಕ್ಕಳ ಕೈಗೆ ಬೇಡ. ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರುವ ಸಾದಾ ಪಾಲಿಪ್ರೊಪಿಲೀನ್ ತಗೊಳ್ಳಿ, ಯಾವ ಬೆರಕೆಯೂ ಬೇಡ. ಐಎಸ್ 9845 ಪರೀಕ್ಷೆಯ ವರದಿ ಕೇಳಿ. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಅಂಶ ಆ ಪರೀಕ್ಷೆಯಲ್ಲಿ ಕೆಜಿಗೆ 60 ಮಿಲಿಗ್ರಾಂ ದಾಟಬಾರದು ಅಂತ ಆಹಾರ ಪ್ಯಾಕಿಂಗ್ ನಿಯಮದಲ್ಲಿ ಮಿತಿ ಇದೆ.

ವಾರ್ಡ್_ಕಸ_ಬಳಗ
5 ನಂಬರಿನದ್ದನ್ನು ಒಣ ಕಸ ಕೇಂದ್ರದಲ್ಲೂ ತಗೊಳ್ಳುತ್ತಾರೆ. ಗಾಢ ಬಣ್ಣ ಬೇಡ, ಬಿಳಿ ಅಥವಾ ಬಣ್ಣವಿಲ್ಲದ್ದು ಇದ್ದರೆ ಮರುಬಳಕೆಗೆ ಒಳ್ಳೆಯದು.

ಮೂಡಿಗೆರೆ_ತೋಟ
ಪೀಣ್ಯ ಸರ್, ಕಾಫಿ ಹೊಟ್ಟಿಗೆ ಪಾಲಿಪ್ರೊಪಿಲೀನ್ ಬದಲು ಹರಳುಗಟ್ಟಿಸಿದ ಪಿಎಲ್‌ಎ ಬೆರೆಸಿ ಕಪ್ ಮಾಡೋಕೆ ಆಗುತ್ತಾ? ಸ್ಯಾಂಪಲ್‌ಗೆ ಹೊಟ್ಟು ನಾನು ಕಳಿಸುತ್ತೇನೆ.

ಪೀಣ್ಯ_ಮೌಲ್ಡಿಂಗ್
ಆಗುತ್ತದೆ. ಹೊಟ್ಟು ಚೆನ್ನಾಗಿ ಒಣಗಿರಬೇಕು, ತೇವ ಇದ್ದರೆ ಪಿಎಲ್‌ಎ ಮೆಷಿನ್‌ನಲ್ಲೇ ಹಾಳಾಗುತ್ತದೆ. ಮೆಸೇಜ್ ಮಾಡಿ, ಎಷ್ಟು ನುಣ್ಣಗೆ ಪುಡಿ ಬೇಕು ಅಂತ ಹೇಳುತ್ತೇನೆ.